ಹೆಸರಿಡದ ಗೆರೆಗಳು

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಒಬ್ಬ ಕಲಾವಿದೆಯ ಬಗ್ಗೆ ಮಾತಾಡು ಎಂದಿರಿ. ನಾನು ಆರಿಸಿಕೊಂಡದ್ದು ನಸ್ರೀನ್ ಮೊಹಮದಿಯವರನ್ನು. ಸಾಫ್ಟ್‌ವೇರಿನವಳಿಗೆ ಚಿತ್ರಕಲೆ ಯಾಕೆ ಬೇಕಿತ್ತು ಎನ್ನಬೇಡಿ. ಅವರ ಮೇಜಿನ ಮೇಲಿದ್ದದ್ದು ನಾವು ಬಿಇ ಮೊದಲ ವರ್ಷ ಹೊತ್ತು ತಿರುಗಿದ ಸಾಮಾನೇ: ಟಿ-ಸ್ಕ್ವೇರ್, ಸೆಟ್ ಸ್ಕ್ವೇರ್, ಪೆನ್ಸಿಲ್, ನಕ್ಷೆ ಬರೆಯುವ ಇಂಕ್ ಪೆನ್ನು.

ನಸ್ರೀನ್ ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ. ಬೆಳೆದದ್ದು ನಮ್ಮ ಮುಂಬಯಿಯಲ್ಲಿ. ಲಂಡನ್ನಿನ ಸೇಂಟ್ ಮಾರ್ಟಿನ್ಸ್‌ನಲ್ಲಿ, ಆಮೇಲೆ ಪ್ಯಾರಿಸ್‌ನಲ್ಲಿ ಕಲಿತರು. 1972ರಿಂದ ಕೊನೆಯವರೆಗೂ ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಬರೋಡದ ಹೆಸರಾಂತ ಕಲಾವಿದರು ಆಗ ಬಿಡಿಸುತ್ತಿದ್ದದ್ದು ಮನುಷ್ಯರನ್ನು, ಮನೆ-ಬೀದಿಗಳನ್ನು, ಕಥೆಗಳನ್ನು. ಅವರ ನಡುವೆ ಇವರದು ಬರೀ ಗೆರೆ. ಅದೂ ಬಿಳಿ ಕಾಗದದ ಮೇಲೆ, ಕಪ್ಪು-ಬೂದು ಬಣ್ಣದಲ್ಲಿ. ಮೊದಮೊದಲು ಕ್ಯಾನ್ವಾಸ್, ಎಣ್ಣೆಬಣ್ಣ ಎಲ್ಲ ಇತ್ತು. ಎಪ್ಪತ್ತರ ದಶಕದ ಹೊತ್ತಿಗೆ ಅದನ್ನೆಲ್ಲ ಬಿಟ್ಟರು. ಚಿತ್ರಗಳಿಗೆ ಹೆಸರಿಡಲಿಲ್ಲ. ಬಹುತೇಕ ಚಿತ್ರಗಳ ಮೇಲೆ ತಾರೀಕೂ ಇಲ್ಲ.

"ಇಷ್ಟೇನಾ? ಸ್ಕೇಲ್ ಕೊಟ್ಟರೆ ನನ್ನ ಮಗಳೂ ಎಳೀತಾಳೆ" ಅನ್ನಿಸುವುದು ಸಹಜ. ಹತ್ತಿರ ಹೋಗಿ ನೋಡಬೇಕು. ಕಂಪ್ಯೂಟರಿನಲ್ಲಿ ಎಳೆದ ನೂರು ಗೆರೆಗಳೂ ಒಂದೇ ದಪ್ಪ. ಇಲ್ಲಿ ಹಾಗಿಲ್ಲ. ಒಂದು ಗೆರೆ ಗಾಢ, ಪಕ್ಕದ್ದು ತೆಳು, ಅದರ ಪಕ್ಕದ್ದು ಇದೆಯೋ ಇಲ್ಲವೋ ಎಂಬಂತೆ. ನಡುವಿನ ಅಂತರ ಕೂದಲೆಳೆಯಷ್ಟು ಕಿರಿದಾಗುತ್ತ ಹೋಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಆ ಗೆರೆಗಳೇ ನೀರಿನ ಹಾಗೆ ಅಲುಗುತ್ತವೆ. ಮಗ್ಗದ ಮೇಲಿನ ಹಾಸು-ಹೊಕ್ಕು ಕಂಡವರಿಗೆ ಇದು ಬೇಗ ಹಿಡಿಸುತ್ತದೆ. ರಂಗೋಲಿಗೆ ಹೋಲಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎಳೆ ರಂಗೋಲಿಯಲ್ಲಿ ಎಳೆ ಸುತ್ತಿ ಬಂದು ಹೊರಟಲ್ಲೇ ಕೂಡಬೇಕು. ನಸ್ರೀನರ ಗೆರೆ ಹೊರಟರೆ ಹೊರಟಿತು, ತಿರುಗಿ ಬರುವುದಿಲ್ಲ.

ಇಂಕಿನ ವಿಷಯ ಬೇರೆ. ನಮಗೆ ಕಂಟ್ರೋಲ್-ಜೆಡ್ ಒತ್ತಿ ಒತ್ತಿ ಕೈಗೆ ರೂಢಿಯಾಗಿದೆ. ಇಂಕಿನ ಮುನ್ನೂರನೆಯ ಗೆರೆಯಲ್ಲಿ ಕೈ ಜಾರಿದರೆ ಹಿಂದಿನ ಇನ್ನೂರ ತೊಂಬತ್ತೊಂಬತ್ತೂ ಹೋದವು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ನಸ್ರೀನರಿಗೆ ನರಗಳ ಕಾಯಿಲೆಯಿತ್ತು. ಕೈಕಾಲುಗಳ ಮೇಲಿನ ಹಿಡಿತ ಬರಬರುತ್ತ ತಪ್ಪುತ್ತಿತ್ತು. ಅದೇ ವರ್ಷಗಳಲ್ಲಿ, ಅಂದರೆ ಎಂಬತ್ತರ ದಶಕದಲ್ಲಿ, ಚಿತ್ರಗಳು ಇನ್ನಷ್ಟು ಹಗುರಾದವು. ಅಡ್ಡ-ಉದ್ದ ಚೌಕುಳಿ ಹೋಗಿ ಓರೆ ಗೆರೆಗಳು, ತ್ರಿಕೋನಗಳು, ಬಿಲ್ಲಿನಂಥ ಬಾಗುಗಳು ಬಂದವು. ಖಾಲಿ ಕಾಗದದಲ್ಲಿ ಅವು ತೇಲುತ್ತಿರುತ್ತವೆ. ಇದನ್ನು ಕೇಳಿದ ಕೂಡಲೇ ನಾವು ಹೆಂಗಸರು "ಅಯ್ಯೋ ಪಾಪ, ಅಂಥ ಕಷ್ಟದಲ್ಲೂ!" ಎನ್ನುತ್ತೇವೆ. ದಯವಿಟ್ಟು ಬೇಡ. ಹೆಣ್ಣೊಬ್ಬಳು ಕೆಲಸ ಮಾಡಿದರೆ ಆ ಕೆಲಸಕ್ಕಿಂತ ಅವಳ ನೋವಿನ ಕಥೆಯನ್ನೇ ಮುಂದೆ ಮಾಡುವುದು ನಮ್ಮ ಹಳೇ ಚಾಳಿ. ಆಫೀಸಿನಲ್ಲೂ ನೋಡಿದ್ದೇನೆ: "ಮಗು ಇಟ್ಟುಕೊಂಡು ಎಷ್ಟು ಮಾಡ್ತಾಳೆ" ಎಂಬ ಹೊಗಳಿಕೆಯಲ್ಲಿ ಅವಳು ಬರೆದ ಕೋಡ್ ಹೇಗಿದೆ ಎಂದು ಯಾರೂ ಹೇಳುವುದಿಲ್ಲ. ನಸ್ರೀನರ ಗೆರೆಗೆ ನಮ್ಮ ಕನಿಕರ ಬೇಡ. ಕಾಯಿಲೆಯ ಸುದ್ದಿಯೇ ಗೊತ್ತಿಲ್ಲದವರೂ ಅದರ ಮುಂದೆ ಸುಮ್ಮನೆ ನಿಲ್ಲುತ್ತಾರೆ.

ಅವರು ಫೋಟೋಗಳನ್ನೂ ತೆಗೆಯುತ್ತಿದ್ದರು: ಸಮುದ್ರದಂಡೆಯ ಮರಳು, ರಸ್ತೆಯ ಪಟ್ಟೆಗಳು, ಫತೇಪುರ್ ಸಿಕ್ರಿಯ ಕಲ್ಲುಗಳು. ಬದುಕಿದ್ದಾಗ ಅವನ್ನು ಪ್ರದರ್ಶನಕ್ಕಿಡಲಿಲ್ಲ. ಡೈರಿಗಳಲ್ಲಿ ತಾವೇ ಬರೆದ ಸಾಲುಗಳ ಮೇಲೆ ಬಣ್ಣ ಬಳಿದು ಪುಟವನ್ನೇ ಚಿತ್ರ ಮಾಡಿಬಿಡುತ್ತಿದ್ದರು.

1990ರಲ್ಲಿ ತೀರಿಕೊಂಡರು, ಅಲಿಬಾಗ್ ಹತ್ತಿರದ ಕಿಹಿಮ್‌ನಲ್ಲಿ. ನಾವೆಲ್ಲ ವಾರಾಂತ್ಯಕ್ಕೆ ಹೋಗುವ ಅದೇ ಕಿಹಿಮ್. ಆಗ ವಯಸ್ಸು ಇನ್ನೂ 53. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹೊಸ ಶಾಖೆ ಮೆಟ್ ಬ್ರಾಯರ್ ತೆರೆದಾಗ ಇವರ ಪ್ರದರ್ಶನವನ್ನೂ ಇಟ್ಟಿತ್ತು.

ದೆಹಲಿಯ ಕಿರಣ್ ನಾಡಾರ್ ಮ್ಯೂಸಿಯಂನಲ್ಲಿ ಇವರ ಚಿತ್ರಗಳ ಸಂಗ್ರಹವಿದೆ. ಕಾಗದಕ್ಕೆ ಬೆಳಕು ಆಗಿಬರುವುದಿಲ್ಲ, ಹಾಗಾಗಿ ಇಂಥವನ್ನು ವರ್ಷವಿಡೀ ಗೋಡೆಗೆ ಹಾಕಿರುವುದಿಲ್ಲ. ಯಾವಾಗ ಇಡುತ್ತಾರೆ ಎಂದು ಕೇಳಿಕೊಂಡೇ ಹೋಗಿ. ಓದುವ ಕನ್ನಡಕ ಮರೆಯಬೇಡಿ.