ಸ್ವಸ್ಥ ಬೋಧನೆಯೂ ಸಭೆಯ ಬೆಳವಣಿಗೆಯೂ

(ಸಂತ ಜೋಸೆಫ್ ವಾಜ್‌ರ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳ ನೊವೇನಾ ಮುಗಿಸಿ ಇಂದು ನಮ್ಮ ಪಾಲಕ ಸಂತರ ಹಬ್ಬಕ್ಕಾಗಿ ಈ ಪೀಠದ ಸುತ್ತ ಕೂಡಿದ್ದೇವೆ. ದೇವಾಲಯಕ್ಕೆ ಹೊಸ ಬಣ್ಣ ಬಂದಿದೆ, ದೀಪಗಳ ಅಲಂಕಾರ ಆಗಿದೆ. ಹೊರಗೆ ಚಪ್ಪರದಲ್ಲೂ ಕೂರಲು ಜಾಗವಿಲ್ಲ. ಸಭೆ ಬೆಳೆದಿದೆ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಬೆಳೆದದ್ದೆಲ್ಲ ಆರೋಗ್ಯವಾಗಿದೆಯೆಂದು ಹೇಳಲಾಗದು. ತೋಟ ಇರುವವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಸಂತ ಪೌಲರು ಕ್ರೇತ ದ್ವೀಪದಲ್ಲಿದ್ದ ತಮ್ಮ ಶಿಷ್ಯ ತೀತನಿಗೆ ಪತ್ರ ಬರೆಯುವಾಗ ಸ್ವಸ್ಥ ಬೋಧನೆ ಎಂಬ ಮಾತನ್ನು ಮತ್ತೆ ಮತ್ತೆ ಬಳಸುತ್ತಾರೆ. ತಿಮೊಥೇಯನಿಗೆ ಬರೆದ ಪತ್ರಗಳಲ್ಲೂ ಅದೇ ಮಾತು. ಮೂಲ ಗ್ರೀಕ್ ಭಾಷೆಯಲ್ಲಿ ಅದು ದೇಹದ ಆರೋಗ್ಯಕ್ಕೆ ಬಳಸುವ ಶಬ್ದ. ಇಂದು ಶಾಲೆಯಲ್ಲೂ ಆಸ್ಪತ್ರೆಯಲ್ಲೂ ನಾವು ಕೇಳುವ ಹೈಜೀನ್ ಎಂಬ ಮಾತು ಅದೇ ಬೇರಿನಿಂದ ಬಂದದ್ದು. ಪರೀಕ್ಷೆಯಲ್ಲಿ ಸರಿಯುತ್ತರ ಬರೆಯುವುದಷ್ಟೇ ಪೌಲರ ಮನಸ್ಸಿನಲ್ಲಿರಲಿಲ್ಲ. ತೀತನಿಗೆ ಸ್ವಸ್ಥ ಬೋಧನೆ ಮಾಡು ಎಂದು ಹೇಳಿದ ಬೆನ್ನಲ್ಲೇ ಅವರು ಮನೆಯೊಳಗೆ ಕಾಲಿಡುತ್ತಾರೆ. ವೃದ್ಧರು ಹೇಗಿರಬೇಕು, ಹಿರಿಯ ಸ್ತ್ರೀಯರು ಹೇಗಿರಬೇಕು, ಯುವಕರು ಹೇಗಿರಬೇಕು ಎಂದು ಬರೆಯುತ್ತಾರೆ. ಬೋಧನೆ ಆರೋಗ್ಯವಾಗಿದೆಯೋ ಇಲ್ಲವೋ ಎಂಬುದು ಅಡುಗೆಮನೆಯಲ್ಲಿ, ಜಗಲಿಯಲ್ಲಿ ತಿಳಿಯುತ್ತದೆ. ತಪ್ಪು ಬೋಧನೆಯನ್ನು ಅವರು ಮೈಯಲ್ಲಿ ಹರಡುವ ಕೊಳೆತ ಹುಣ್ಣಿಗೆ ಹೋಲಿಸುತ್ತಾರೆ.

ಕೊಳೆ ಎಂದೊಡನೆ ನಿಮಗೆ ಅಡಿಕೆಯ ಕೊಳೆರೋಗ ನೆನಪಾಗದೆ ಇರದು. ಮರ ನೆಟ್ಟಗೆ ನಿಂತಿರುತ್ತದೆ, ಸೋಗೆ ಹಸಿರಾಗಿರುತ್ತದೆ, ಗೊನೆ ತುಂಬಿರುತ್ತದೆ. ಮಳೆ ಬಿಡದೆ ಹಿಡಿದ ಒಂದು ವಾರದಲ್ಲಿ ಎಳೆಯ ಕಾಯಿಗಳು ಬುಡದಲ್ಲಿ ಬಿದ್ದಿರುತ್ತವೆ. ಅದಕ್ಕಾಗಿಯೇ ಮಳೆಗಾಲ ಜೋರಾಗುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುತ್ತೀರಿ. ನಲವತ್ತು ದಿನ ಕಳೆದ ಮೇಲೆ ಇನ್ನೊಮ್ಮೆ ಬಿಡುತ್ತೀರಿ. ಕಾಯಿ ಉದುರಿದ ಮೇಲೆ ಮದ್ದಿನ ಪಂಪು ಹೊತ್ತು ಓಡಿದರೆ ಉದುರಿದ್ದು ಮರಕ್ಕೆ ಅಂಟುವುದಿಲ್ಲ. ಮಕ್ಕಳ ಧರ್ಮೋಪದೇಶದ ವಿಷಯದಲ್ಲಿ ಮಾತ್ರ ನಾವು ಈ ಲೆಕ್ಕವನ್ನು ಮರೆಯುತ್ತೇವೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಕಾಲೇಜಿಗೆ ಹೋಗುವ ಹುಡುಗನೊಬ್ಬ ಬಲಿಪೂಜೆ ಮುಗಿದ ಮೇಲೆ ನಮ್ಮ ಬಳಿ ಬಂದ. ಪೀಠಸೇವೆ ಮಾಡಿ ಬೆಳೆದ ಹುಡುಗ. "ಫಾದರ್, ದೇವರೇ ಪಾಪ ಕ್ಷಮಿಸುವಾಗ ಗುರುಗಳ ಹತ್ತಿರ ಹೋಗಿ ಯಾಕೆ ಹೇಳಬೇಕು?" ಎಂದು ಕೇಳಿದ. ಅಂದು ನಮಗೆ ಮದುವೆಯೊಂದಕ್ಕೆ ಹೋಗುವ ಅವಸರ. "ಇಂಥದ್ದೆಲ್ಲ ಪ್ರಶ್ನೆ ಕೇಳಬಾರದು ಮಗಾ, ವಿಶ್ವಾಸವಿಡು" ಎಂದು ಬೆನ್ನು ತಟ್ಟಿ ಕಳಿಸಿದೆವು. ಅವನ ಪ್ರಶ್ನೆಗೆ ಉತ್ತರವಿರಲಿಲ್ಲವೇ? ಪುನರುತ್ಥಾನದ ದಿನ ಸಂಜೆಯೇ ಪ್ರಭು ತಮ್ಮ ಶಿಷ್ಯರ ಮೇಲೆ ಉಸಿರೂದಿ ಪಾಪಗಳನ್ನು ಕ್ಷಮಿಸುವ ಅಧಿಕಾರ ಕೊಟ್ಟದ್ದನ್ನು ಸಂತ ಯೊವಾನ್ನರು ಬರೆದಿದ್ದಾರೆ. ಹತ್ತು ನಿಮಿಷ ಕುಳಿತಿದ್ದರೆ ಅದನ್ನು ತೆರೆದು ತೋರಿಸಬಹುದಿತ್ತು. ಎರಡು ವರ್ಷಗಳ ಮೇಲೆ ಅವನ ತಾಯಿ ಅಳುತ್ತಾ ಬಂದರು. ಮಗ ಪಟ್ಟಣದಲ್ಲಿ ಬೇರೊಂದು ಪ್ರಾರ್ಥನಾ ಕೂಟಕ್ಕೆ ಸೇರಿದ್ದ, ಮನೆಯ ಜಪಸರಕ್ಕೂ ಕೂರುತ್ತಿರಲಿಲ್ಲ. "ಅಲ್ಲಿ ಅವನ ಪ್ರಶ್ನೆಗೆ ಕೂತು ಉತ್ತರ ಹೇಳ್ತಾರಂತೆ ಫಾದರ್" ಎಂದರು ಆ ತಾಯಿ. ಅವರು ನಮ್ಮನ್ನು ದೂರಲಿಲ್ಲ. ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು.

ಇಂದಿನ ಹಬ್ಬದ ಸಂತರಾದರೋ ಇಂಥ ಅವಸರ ಮಾಡಲಿಲ್ಲ. 1651ರಲ್ಲಿ ಗೋವೆಯ ಬೆನೌಲಿಂನಲ್ಲಿ ಹುಟ್ಟಿ, 1676ರಲ್ಲಿ ಗುರುದೀಕ್ಷೆ ಪಡೆದ ಜೋಸೆಫ್ ವಾಜ್‌ರು ಮರುವರ್ಷ ಸಾಂಕವಾಳದ ಆರೋಗ್ಯಮಾತೆಯ ದೇವಾಲಯದಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ಗುಲಾಮನೆಂದು ಬರೆದುಕೊಟ್ಟರು. 1681ರಲ್ಲಿ ನಮ್ಮ ಕೆನರಾ ನಾಡಿಗೆ ಬಂದರು. ಮಂಗಳೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಅವರ ಹೆಜ್ಜೆ ಬಿದ್ದಿದೆ. ಮುಡಿಪಿನ ಗುಡ್ಡದ ನೀರಿನ ಬುಗ್ಗೆಗಳ ಕಥೆಯನ್ನು ಅಜ್ಜಿಯಂದಿರು ಇಂದಿಗೂ ಹೇಳುತ್ತಾರೆ. ಅವರು ಬಂದಾಗ ಇಲ್ಲಿಯ ಸಭೆ ಜಗಳದಿಂದ ಕಾಯಿಲೆ ಬಿದ್ದಿತ್ತು. ಒಂದು ಕಡೆ ಪೋರ್ಚುಗೀಸ್ ಅರಸರ ಪದ್ರುವಾದೋ ಅಧಿಕಾರ, ಇನ್ನೊಂದು ಕಡೆ ರೋಮಿನ ಪ್ರೊಪಗಾಂಡಾ ಕಳುಹಿಸಿದ ಧರ್ಮಾಧ್ಯಕ್ಷರು. ಯಾವ ಗುರುಗಳಿಂದ ಪಡೆದ ಸಂಸ್ಕಾರ ಸರಿ ಎಂಬ ಗೊಂದಲದಲ್ಲಿ ಸಾಮಾನ್ಯ ಜನ ಸಿಕ್ಕಿಬಿದ್ದಿದ್ದರು. ಸಂತರು ಗೋವೆಯ ಕಡೆಯಿಂದ ಬಂದವರಾದರೂ ಒಡಕನ್ನು ಹೆಚ್ಚಿಸದೆ ಶಾಂತಿಗಾಗಿ ಶ್ರಮಿಸಿದರು. ಸತ್ಯದ ಹೆಸರಿನಲ್ಲಿ ಮನೆ ಮುರಿಯುವುದು ಸುಲಭ. ವಾರ್ಡಿನ ಸಭೆಗಳಲ್ಲಿ ನಾವೂ ಅದನ್ನು ಚೆನ್ನಾಗಿಯೇ ಮಾಡುತ್ತೇವೆ.

1687ರಲ್ಲಿ ಅವರು ಶ್ರೀಲಂಕೆಯ ಯಾಳ್ಪಾಣ ತಲುಪಿದರು. ಅಲ್ಲಿ ಡಚ್ಚರ ಆಡಳಿತ. ಕಥೋಲಿಕ ಗುರುಗಳಿಗೆ ನಿಷೇಧ. ಸುಮಾರು ಮೂವತ್ತು ವರ್ಷ ಕುರುಬನಿಲ್ಲದ ಮಂದೆ! ಎಷ್ಟೋ ಮಂದಿ ಹೆದರಿ ಹೊರಗಿನಿಂದ ಡಚ್ಚರ ಸಭೆಗೆ ಹೋಗುತ್ತಾ, ಒಳಗೆ ಹಳೆಯ ಪ್ರಾರ್ಥನೆ ಹೇಳುತ್ತಿದ್ದರು. ಸಂತರು ಭಿಕ್ಷುಕನ ವೇಷದಲ್ಲಿ, ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆ ತಿರುಗಿದರು. ಜಪಸರ ನೋಡಿ ಯಾರ ಕಣ್ಣು ಅರಳುತ್ತದೋ ಅವರು ತಮ್ಮವರು ಎಂದು ಗುರುತಿಸಿದರು.

ಆಮೇಲೆ ಅವರು ಮಾಡಿದ ಕೆಲಸವನ್ನು ನೋಡಿ. ಒಬ್ಬನೇ ಗುರು, ಇಡೀ ದ್ವೀಪ, ಹಿಂದೆ ಬೇಟೆಗಾರರು. ಪವಾಡಗಳನ್ನು ನಂಬಿ ಕೂರದೆ ಅವರು ಊರೂರಿನಲ್ಲಿ ಗೃಹಸ್ಥರನ್ನು ಆರಿಸಿ ನೇಮಿಸಿದರು. ಒಬ್ಬ ಮೂಪ್ಪ, ಅಂದರೆ ಊರ ಹಿರಿಯ. ನಮ್ಮ ಮುಪ್ಪು ಎಂಬ ಮಾತಿನ ದಾಯಾದಿಯಿರಬೇಕು ಇದು. ಇನ್ನೊಬ್ಬ ಅಣ್ಣಾವಿ, ಅಂದರೆ ಉಪದೇಶಿ. ಗುರುಗಳಿಲ್ಲದ ಭಾನುವಾರ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು ಇವರ ಹೊಣೆ. ಜನರಿಗೆ ಅವರವರ ಭಾಷೆಯಲ್ಲೇ ಬೋಧಿಸಲು ಸಂತರು ತಾವೇ ತಮಿಳು ಕಲಿತರು. 1692ರಲ್ಲಿ ಪೋರ್ಚುಗೀಸ್ ಗೂಢಚಾರನೆಂಬ ಸಂಶಯದಿಂದ ಕ್ಯಾಂಡಿಯಲ್ಲಿ ಸೆರೆಗೆ ಹಾಕಿದಾಗ ಸೆರೆಯಲ್ಲೇ ಸಿಂಹಳ ಕಲಿತರು. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವಿಸ್ ಗುರುಗಳು ಸಿಂಹಳದಲ್ಲೂ ತಮಿಳಿನಲ್ಲೂ ಪುಸ್ತಕಗಳನ್ನು ಬರೆದು ಈ ಕೆಲಸವನ್ನು ಮುಂದುವರಿಸಿದರು. ಸಿಂಹಳದ ಕಥೋಲಿಕ ಸಾಹಿತ್ಯಕ್ಕೆ ಅವರೇ ಪಿತಾಮಹ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ಸಂತರು ಅವರನ್ನು ಹುಡುಕಿ ತಂದು, ಗಾಯ ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ಮತ ಯಾವುದೆಂದು ಕೇಳಲಿಲ್ಲ. ಪೌಲರು ತೀತನಿಗೆ ಬರೆದ ಸ್ವಸ್ಥ ಬೋಧನೆಗೆ ಕೈ ಕಾಲು ಬಂದರೆ ಹೀಗಿರುತ್ತದೆ. 1711ರ ಜನವರಿ 16ರಂದು ಅದೇ ಕ್ಯಾಂಡಿಯಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್‌ರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಈಗ ನಮ್ಮ ಮನೆಗಳ ಮಾತು. ದೃಢೀಕರಣ ಸಂಸ್ಕಾರವಾದ ಮರುವಾರವೇ ಧರ್ಮೋಪದೇಶದ ಪುಸ್ತಕ ರದ್ದಿಗೆ ಹೋಗುತ್ತದೆ. ಗಣಿತಕ್ಕೆ ಟ್ಯೂಷನ್ ಇದೆ, ವಿಶ್ವಾಸಕ್ಕೆ ಬಿಡುವಿಲ್ಲ. ಹತ್ತು ಜನರಿಗೆ ಕಳಿಸದಿದ್ದರೆ ಕೇಡಾಗುತ್ತದೆಂಬ ಪ್ರಾರ್ಥನೆ ಫೋನಿಗೆ ಬಂದರೆ ಮಾತ್ರ ಭಯದಿಂದ ಕಳಿಸಿಬಿಡುತ್ತೇವೆ. ದಶಾಂಶ ಕೊಟ್ಟರೆ ಸಾಲ ತೀರುತ್ತದೆ, ರೋಗ ಬಂದರೆ ವಿಶ್ವಾಸ ಸಾಲದು ಎಂದು ಯಾರೋ ಹೇಳಿದ್ದನ್ನು ನಂಬುತ್ತೇವೆ. ಯಾಳ್ಪಾಣಕ್ಕೆ ಬಂದಿಳಿದಾಗ ಸಂತ ವಾಜ್‌ರೇ ಕಾಯಿಲೆಯಿಂದ ನೆಲ ಹಿಡಿದಿದ್ದರು. ಅವರಿಗೆ ವಿಶ್ವಾಸ ಕಡಿಮೆಯಿತ್ತೇ? ಪ್ರಭು ನಮಗೆ ಶಿಲುಬೆಯಿಲ್ಲದ ದಾರಿಯನ್ನು ಎಂದೂ ಮಾತು ಕೊಟ್ಟಿಲ್ಲ.

ಬೇರೆ ಕೂಟಗಳಿಗೆ ಹೋದ ಮಕ್ಕಳನ್ನು ಬೈಯಬೇಡಿ, ಬಾಗಿಲು ಹಾಕಬೇಡಿ. ಅವರು ಪ್ರಶ್ನೆ ಹೊತ್ತು ಹೋದವರು. ಮುಂದಿನ ಭಾನುವಾರದಿಂದ ಎರಡನೇ ಬಲಿಪೂಜೆಯ ನಂತರ ನಾವು ಸಭಾಭವನದಲ್ಲಿ ಒಂದು ಗಂಟೆ ಕೂರುತ್ತೇವೆ. ಯಾವ ಪ್ರಶ್ನೆಯನ್ನಾದರೂ ತನ್ನಿ. ಉತ್ತರ ಗೊತ್ತಿಲ್ಲದಿದ್ದರೆ ಓದಿ ಮುಂದಿನ ವಾರ ಹೇಳುತ್ತೇವೆ. ತಂದೆ ತಾಯಂದಿರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಿ. ಆ ಹುಡುಗನಿಗೂ ತಾಯಿಯ ಮೂಲಕ ಹೇಳಿ ಕಳಿಸಿದ್ದೇವೆ. ಬರುವುದು ಬಿಡುವುದು ಅವನಿಗೆ ಸೇರಿದ್ದು.

ಈಗ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಹೇಳೋಣ. ಪ್ರತಿ ಭಾನುವಾರ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಹೇಳಿ ಮುಗಿಸುತ್ತೇವೆ. ಇಂದು ಮುಂದಿನ ಸಾಲಿನ ಮಕ್ಕಳು ಒಂದೊಂದೇ ವಾಕ್ಯ ಹೇಳಲಿ. ಹಿರಿಯರು ನಾವು ಅವರ ಹಿಂದೆ ಹೇಳೋಣ.