ಕೆಲಸದವರ ಲೋಟ ಮತ್ತು ಶಿವದಾರ

(ಬಾಗೂರಿನಲ್ಲಿ ನಡೆದ ಶರಣ ಚಿಂತನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ ಪ್ರತಿಷ್ಠಾಪನಾ ಕಲೆ. ಪ್ರತಿಷ್ಠಾಪನೆ ಎಂದ ಕೂಡಲೇ ನಮಗೆ ಗುಡಿ, ವಿಗ್ರಹ, ಹೋಮ ನೆನಪಾಗುತ್ತವೆ. ಇದು ಅದಲ್ಲ. ಹಗ್ಗ, ಸೂಜಿ, ಡ್ರಮ್ಮು, ಲೋಟದಂಥ ದಿನಬಳಕೆಯ ವಸ್ತುಗಳನ್ನು ಒಂದೆಡೆ ಜೋಡಿಸಿ, ನೋಡುವವರು ಅವುಗಳ ನಡುವೆ ಓಡಾಡಿ ಯೋಚಿಸುವಂತೆ ಮಾಡುವ ಕಲೆ. ಪ್ರದರ್ಶನ ಮುಗಿದರೆ ಬಿಚ್ಚಿ ಕಟ್ಟಿಡುತ್ತಾರೆ. ಹೆಸರು ಸ್ಥಾವರದ್ದು, ಸ್ವಭಾವ ಜಂಗಮದ್ದು.

ಈ ಕಲೆಯಲ್ಲಿ ಜಗತ್ತು ಗುರುತಿಸಿದ ಕನ್ನಡನಾಡಿನ ಹೆಣ್ಣುಮಗಳು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಮೊದಲು ಚಿತ್ರ ಬರೆಯುತ್ತಿದ್ದರು. 1990ರ ದಶಕದ ಆರಂಭದಲ್ಲಿ, ಕೋಮುಗಲಭೆಗಳು ದೇಶವನ್ನು ಕಲಕಿದ ದಿನಗಳಲ್ಲಿ, ಸಗಣಿಯನ್ನು ಕೈಗೆತ್ತಿಕೊಂಡರು. ನಮ್ಮ ತಾಯಂದಿರು ದಿನವೂ ಅಂಗಳ ಸಾರಿಸುವ, ಬೆರಣಿ ತಟ್ಟುವ ಅದೇ ಸಗಣಿ. ಮುಂದೆ ನೂರಾರು ಮೀಟರ್ ದಾರವನ್ನು ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಕುಂಕುಮ ಬಳಿದು, ಕೆಂಪು ಹುರಿ ಮಾಡಿ ಗೋಡೆಯಿಂದ ಇಳಿಬಿಟ್ಟರು. ಹೆಣ್ಣಿನ ದುಡಿಮೆ ಮತ್ತು ನೋವು ಎರಡೂ ಅದರಲ್ಲಿವೆ.

2009ರ ವೆನಿಸ್ ಪ್ರದರ್ಶನದಲ್ಲಿ ಅವರು ತಲೆಗೂದಲಿನ ಹಗ್ಗವನ್ನು ಸಾವಿರಾರು ಮೀಟರ್ ಉದ್ದಕ್ಕೆ ಹೊಸೆಸಿ, ಅದರಿಂದ ವಾಹನಗಳ ಬಂಪರುಗಳನ್ನು ತೂಗುಹಾಕಿದರು. ಕ್ಷೇತ್ರಗಳಲ್ಲಿ ಹರಕೆಗೆಂದು ಕೊಟ್ಟ ಮುಡಿಯಲ್ಲಿ ಉದ್ದನೆಯದು ಮಾರಾಟವಾಗುತ್ತದೆ. ಗಿಡ್ಡ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ಲಾರಿ ಕಾರುಗಳ ಬಂಪರಿಗೆ ಸುತ್ತಿಕೊಳ್ಳುತ್ತದೆ. ಉಕ್ಕಿನ ಯಂತ್ರ ಓಡಿಸುವವನ ಭಯವನ್ನು ಕಾಯುವುದು ಯಾರೋ ಬಡವಿಯ ಕೂದಲು! ಆ ಕೃತಿ ಇಂದು ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ.

ಹಗ್ಗ ಎಂದಾಗ ನನಗೆ ನುಲಿಯ ಚಂದಯ್ಯ ಶರಣರು ನೆನಪಾಗುತ್ತಾರೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವರು ಕಾಯಕ ಬಿಡಲಿಲ್ಲ, ಕೊನೆಗೆ ಲಿಂಗವೇ ಅವರ ಹಿಂದೆ ಬಂತು ಎಂಬ ಕಥೆ ನಮಗೆಲ್ಲ ಗೊತ್ತು. ಹುಲ್ಲಿನ ಹುರಿಗೆ ಅಷ್ಟು ಗೌರವ ತಂದವರು ಶರಣರು. ಚಮ್ಮಾರನ ಉಳಿ, ಅಂಬಿಗನ ಹುಟ್ಟು, ಮಡಿವಾಳನ ಬಟ್ಟೆಗಂಟು ಅನುಭಾವದ ಮಾತಾದದ್ದು ಕಲ್ಯಾಣದಲ್ಲಿ.

ಹಾಗಾದರೆ ನಮ್ಮ ಬಾಗೂರಿನ ವಸ್ತುಗಳು ಯಾವುವು? ತೆಂಗಿನ ನಾರಿದೆ, ಮಟ್ಟೆ ಇದೆ. ಹೇಮಾವತಿ ನೀರು ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆ ಹರಿಯುತ್ತದೆ. ಆ ಸುರಂಗದ ಸಂತ್ರಸ್ತರು ಪರಿಹಾರಕ್ಕಾಗಿ ಹೋರಾಡಿದ್ದಾರೆ. ನೀರಿಲ್ಲದ ಬಾವಿಯ ಒಂದು ರಾಟೆ, ಒಂದು ಹಗ್ಗ, ಒಂದು ಖಾಲಿ ಕೊಡ ಇಟ್ಟರೆ ಸಾಕು, ಹತ್ತು ಅರ್ಜಿ ಹೇಳದ್ದನ್ನು ಅವು ಹೇಳುತ್ತವೆ.

ಆದರೆ ಬೇರೆಯವರು ನಮಗೆ ಮಾಡಿದ್ದನ್ನು ಮಾತ್ರ ಜೋಡಿಸಿಟ್ಟರೆ ಅರ್ಧ ಸತ್ಯವಾದೀತು. ನನ್ನ ಮನೆಯ ಮಾತು ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮ ಕೊಟ್ಟಿಗೆಯ ಸೂರಿನಲ್ಲಿ ಒಂದು ನೆಗ್ಗಿದ ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿತ್ತು. ಅದು ಕೆಲಸದವರ ಲೋಟ. ಕೂಲಿಗೆ ಬಂದವರು ತಾವೇ ಇಳಿಸಿಕೊಂಡು, ಕಾಫಿ ಮೇಲಿಂದ ಹೊಯ್ಯಿಸಿಕೊಂಡು ಕುಡಿದು, ತಾವೇ ತೊಳೆದು ಸಿಕ್ಕಿಸಬೇಕು. ಹೊಯ್ಯುತ್ತಿದ್ದವರು ನನ್ನ ಅಜ್ಜಿ. ಕೊರಳಲ್ಲಿ ಶಿವದಾರ, ಕರಡಿಗೆ. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಜೀವ. ಅಜ್ಜಿ ಕೆಟ್ಟವರಲ್ಲ. ಆದರೆ ಆ ಲೋಟ ಮತ್ತು ಆ ಶಿವದಾರ ಒಂದೇ ಮನೆಯಲ್ಲಿ ಹೇಗೆ ಇದ್ದವು ಎಂದು ನಾವ್ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಜ್ಜಿ ಲಿಂಗೈಕ್ಯರಾದ ಮೇಲೆ ಆ ಲೋಟವನ್ನು ಎತ್ತಿಟ್ಟುಕೊಂಡೆ. ಇಗೋ, ಇಂದು ತಂದಿದ್ದೇನೆ.

ಇದನ್ನು ಕರಡಿಗೆಯ ಪಕ್ಕದಲ್ಲಿ ಇಡುತ್ತೇನೆ. ಇದೇ ನನ್ನ ಪ್ರತಿಷ್ಠಾಪನೆ. ನಾವು ಯಾರು ಎಂಬ ಪ್ರಶ್ನೆಗೆ ಉತ್ತರ ಈ ಎರಡರ ನಡುವಿನ ಗೇಣು ಜಾಗದಲ್ಲಿದೆ.

ಮಕ್ಕಳೇ, ಮನೆಗೆ ಹೋಗಿ ಅಟ್ಟ, ಕೊಟ್ಟಿಗೆ ಹುಡುಕಿ. ಹಿರಿಯರನ್ನು ಬೈಯಬೇಡಿ, ಕೇಳಿ. ಸಿಕ್ಕಿದ್ದನ್ನು ತಂದು ಇಲ್ಲಿ ಜೋಡಿಸಿ. ಹಿರಿಯರೇ, ನೀವು ಬಂದು ನೋಡಿ. ಆಮೇಲೆ ಎಲ್ಲರೂ ದಾಸೋಹದ ಒಂದೇ ಪಂಕ್ತಿಯಲ್ಲಿ, ಒಂದೇ ಬಗೆಯ ಲೋಟದಲ್ಲಿ ನೀರು ಕುಡಿಯೋಣ.