ಅಜ್ಜಿಯ ಆಲ್ಬುಮಿನ್, ಅಮ್ಮನ ಮೇಲೆ ದೂರು

ಇವತ್ತು ಒಂದು ಲ್ಯಾಬ್ ರಿಪೋರ್ಟ್ ಕಥೆ.

ಹೋದ ವರ್ಷ ನ್ಯುಮೋನಿಯಾ ಆಗಿ ನಮ್ಮಜ್ಜಿ ಆಸ್ಪತ್ರೆ ಸೇರಿದ್ರು. ವಯಸ್ಸು 78. ಮಾರನೇ ದಿನ ರಿಪೋರ್ಟ್ ಬಂತು: ಆಲ್ಬುಮಿನ್ 2.6. ಸಾಮಾನ್ಯವಾಗಿ 3.5ರಿಂದ 5 ಇರಬೇಕು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಅದರ ಫೋಟೋ ಹೋಯ್ತು. ಅರ್ಧ ಗಂಟೆಯಲ್ಲಿ ಸೋದರತ್ತೆ ಫೋನು: "ಅತ್ತಿಗೆ, ನಮ್ಮಮ್ಮನಿಗೆ ಸರಿಯಾಗಿ ಊಟ ಹಾಕ್ತಿದ್ರಾ?" ಅಮ್ಮ ಏನೂ ಹೇಳಲಿಲ್ಲ. ವಾರ್ಡ್ ಹೊರಗೆ ಕೂತು ಅತ್ತುಬಿಟ್ಲು.

ನಾನು ಓದಿದ್ದು ಬಿಕಾಂ. ಡಯಟೀಷಿಯನ್ ವಿವರಿಸಿದ್ದನ್ನ ನನ್ನ ಭಾಷೆಯಲ್ಲಿ ಹೇಳ್ತೀನಿ. ಬ್ಯಾಂಕ್ ಬ್ಯಾಲೆನ್ಸ್ ಇಳಿದಿದೆ ಅಂದ್ರೆ ಸಂಬಳ ಬಂದಿಲ್ಲ ಅಂತಲೇ ಅಲ್ಲ, ಎಮರ್ಜೆನ್ಸಿಗೆ ದುಡ್ಡು ಬೇರೆ ಕಡೆ ಹೋಗಿರಬಹುದು. ಆಲ್ಬುಮಿನ್ ತಯಾರಾಗೋದು ಲಿವರ್‌ನಲ್ಲಿ. ಸೋಂಕು ಬಂದಾಗ ಲಿವರ್ ಅದನ್ನ ಕಮ್ಮಿ ಮಾಡಿ, ಸಿಆರ್‌ಪಿಯಂಥ ಪ್ರೋಟೀನ್‌ಗಳನ್ನ ಹೆಚ್ಚು ತಯಾರಿಸುತ್ತೆ. ಇರೋ ಆಲ್ಬುಮಿನ್ ಕೂಡ ರಕ್ತನಾಳದಿಂದ ಆಚೆ ಸೋರುತ್ತೆ.

ಆಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನ, ಪ್ರೀಆಲ್ಬುಮಿನ್‌ದು ಎರಡು-ಮೂರೇ ದಿನ. ಅದಕ್ಕೇ ಪೋಷಣೆ ಅಳೆಯೋಕೆ ಪ್ರೀಆಲ್ಬುಮಿನ್ ವಾಸಿ ಅಂತ ಬಹಳ ಕಾಲ ನಂಬಿದ್ರು. ಆದ್ರೆ ಸೋಂಕಿದ್ರೆ ಅದೂ ಹೀಗೇ ಇಳಿಯುತ್ತೆ. ಅಮೆರಿಕದ ಪೋಷಣಾ ತಜ್ಞರ ಸಂಘ ಆಸ್ಪೆನ್ 2021ರಲ್ಲಿ ಪ್ರಕಟಿಸಿದ ನಿಲುವು ಸ್ಪಷ್ಟ: ಇವೆರಡೂ ಉರಿಯೂತದ ಸೂಚಕಗಳು, ಪೋಷಣೆಯ ಅಳತೆಗೋಲಲ್ಲ. ಹಾಗಂತ ಕಡೆಗಣಿಸೋ ಹಾಗಿಲ್ಲ. ನಂಬರ್ ತುಂಬಾ ಕಮ್ಮಿ ಇದ್ರೆ ಕಾಯಿಲೆ ಜೋರಾಗಿದೆ, ಅಪಾಯ ಹೆಚ್ಚು ಅಂತ ಅರ್ಥ.

ಹಾಗಾದ್ರೆ ಅಜ್ಜಿ ಚೆನ್ನಾಗಿ ತಿಂತಿದ್ರಾ? ಅದೂ ಇಲ್ಲ! ಡಯಟೀಷಿಯನ್ ತೂಕ ನೋಡಿದ್ರು. ಮೂರು ತಿಂಗಳಲ್ಲಿ 48 ಕೆಜಿಯಿಂದ 45ಕ್ಕೆ ಬಂದಿತ್ತು, ಅಂದ್ರೆ ಶೇ. 6ಕ್ಕಿಂತ ಹೆಚ್ಚು. ಆರು ತಿಂಗಳೊಳಗೆ ಶೇ. 5 ದಾಟಿದ್ರೇ ಎಚ್ಚರ ಬೇಕು. ಟೇಪ್ ಹಿಡಿದು ಮೀನಖಂಡ ಅಳೆದ್ರು: 29 ಸೆಂಟಿಮೀಟರ್. ವಯಸ್ಸಾದವರಲ್ಲಿ 31ಕ್ಕಿಂತ ಕಮ್ಮಿ ಇದ್ರೆ ಸ್ನಾಯು ಕರಗಿರೋ ಸುಳಿವು. ಆಮೇಲೆ ಒಂದು ಪ್ರಶ್ನೆ: "ಅಜ್ಜಿ, ಈಚೆಗೆ ಏನು ತಿನ್ನೋದು ಬಿಟ್ರಿ?"

"ರೊಟ್ಟಿ, ಕಾಳು ಎಲ್ಲಾ. ಹಲ್ಲಿನ ಸೆಟ್ ಸಡಿಲ ಆಗಿದೆ. ಹೇಳಿದ್ರೆ ಸುಮ್ನೆ ಖರ್ಚು ಅಂತ ಹೇಳಲಿಲ್ಲ ಕಣಮ್ಮ."

ಅಮ್ಮ ದಿನಾ ಊಟ ಹಾಕ್ತಿದ್ಲು. ಅಜ್ಜಿಗೆ ಅಗಿಯೋಕೆ ಆಗ್ತಿರಲಿಲ್ಲ. ಇದು ಯಾವ ರಕ್ತಪರೀಕ್ಷೆಯಲ್ಲೂ ಬರಲಿಲ್ಲ.

ಈಗ ಹೊಸ ಸೆಟ್ ಬಂದಿದೆ. ಅತ್ತೆ ಅಮ್ಮನಿಗೆ ಸಾರಿ ಹೇಳಿಲ್ಲ, ಆದ್ರೆ ಹಲ್ಲಿನ ಖರ್ಚು ಅವರೇ ಕೊಟ್ರು. ನಿಮ್ಮನೆ ಗ್ರೂಪಿಗೂ ಇಂಥ ರಿಪೋರ್ಟ್ ಬಂದ್ರೆ, ಯಾರನ್ನೂ ಬೈಯೋಕೆ ಮುಂಚೆ ತೂಕ ನೋಡಿ, ತಟ್ಟೆಯಲ್ಲಿ ಏನು ಉಳಿದಿದೆ ನೋಡಿ, ಡಾಕ್ಟರನ್ನ ಕೇಳಿ. ಮುಂದಿನ ವಾರ ಸಿಗೋಣ.